ಎಲೆ ಉದುರುವ ಕಾಲಕ್ಕೆ ನಾಗರಹೊಳೆಗೆ: ಗುಂಪಾಗಿ ಫೋಟೋ ತೆಗೆಯಲು ಹೊರಡುವವರಿಗೆ

(ಗೋಣಿಕೊಪ್ಪಲಿನಲ್ಲಿ ಫೋಟೋಗ್ರಫಿ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತು. ಅದು ಮುಗಿದರೆ ಕಾಫಿ ಕುಯ್ಲು ಜೋರಾಗುತ್ತದೆ, ಆಮೇಲೆ ಯಾರ ಕೈಗೂ ಯಾರೂ ಸಿಗುವುದಿಲ್ಲ. ಹಾಗಾಗಿ ಈ ಮಾತು ಈಗಲೇ ಆಡಿಬಿಡೋಣ. ನಾಗರಹೊಳೆಯ ಕಾಡು ಬಣ್ಣ ಬದಲಿಸುವುದನ್ನು ಫೋಟೋ ತೆಗೆಯಲು ಗುಂಪಾಗಿ ಹೋಗಬೇಕು ಅಂತ ನಿಮ್ಮಲ್ಲಿ ಹಲವರಿಗೆ ಆಸೆ ಇದೆ. ಯಾವಾಗ ಹೋಗಬೇಕು, ಎಷ್ಟು ಜನ ಇರಬೇಕು, ಯಾವ ಲೆನ್ಸ್ ತಗೊಂಡು ಹೋಗಬೇಕು ಅಂತ ಕೇಳಿದ್ದೀರಿ. ನನ್ನ ಉತ್ತರದ ತಿರುಳನ್ನು ಮೊದಲೇ ಹೇಳುತ್ತೇನೆ. ದಿನಾಂಕವನ್ನು ಕ್ಯಾಲೆಂಡರ್ ನೋಡಿ ಇಡಬೇಡಿ, ಮರ ನೋಡಿ ಇಡಿ. ಮತ್ತೆ, ಗುಂಪು ಸೇರಿಸುವಾಗ ಹುಲಿಗಾಗಿ ಬರುವವರು ಯಾರು, ಮರಕ್ಕಾಗಿ ಬರುವವರು ಯಾರು ಅಂತ ಮೊದಲೇ ಕೇಳಿಕೊಳ್ಳಿ. ಈ ಎರಡು ಸರಿಯಾದರೆ ಮಿಕ್ಕಿದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಅಮೆರಿಕ, ಜಪಾನ್ ಕಡೆಯ ಮೇಪಲ್ ಮರಗಳ ಚಿತ್ರ ನಾವೆಲ್ಲ ನೋಡಿದ್ದೇವೆ. ಅಲ್ಲಿ ಹಗಲು ಚಿಕ್ಕದಾಗುತ್ತಾ ಬಂದು ಚಳಿ ಏರಿದ ಹಾಗೆ ಮರ ಎಲೆಯನ್ನು ಬಿಟ್ಟುಕೊಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ಅಂತ ಅವರಿಗೆ ತಿಂಗಳು ಗೊತ್ತು. ನಮ್ಮಲ್ಲಿ ಎಲೆ ಉದುರಿಸುವುದು ಚಳಿಯಲ್ಲ, ನೀರಿನ ಕೊರತೆ. ಹಿಂಗಾರು ನಿಂತು ಮಣ್ಣು ಒಣಗುತ್ತಾ ಹೋದಂತೆ ಮರ ತನ್ನ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಎಲೆಯಲ್ಲಿರುವ ಸಾರಜನಕ, ರಂಜಕ ಮುಂತಾದ್ದನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಒಡೆದುಹೋಗುತ್ತದೆ. ಅದರ ಮರೆಯಲ್ಲಿ ಮೊದಲಿಂದಲೂ ಇದ್ದ ಹಳದಿ ಆಗ ಕಾಣುತ್ತದೆ. ಕೆಲವು ಮರಗಳು ಹೊಸದಾಗಿ ಕೆಂಪು ಬಣ್ಣವನ್ನೂ ತಯಾರಿಸುತ್ತವೆ. ಕೊನೆಗೆ ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು ಎಲೆ ಕಳಚಿ ಬೀಳುತ್ತದೆ.

ಈ ಕಾರಣಕ್ಕೇ ನಮ್ಮಲ್ಲಿ ತಾರೀಖು ಹೇಳುವುದು ಕಷ್ಟ. ಹಿಂಗಾರು ಬೇಗ ಕೈಕೊಟ್ಟ ವರ್ಷ ಬಣ್ಣ ಬೇಗ ಬರುತ್ತದೆ. ಡಿಸೆಂಬರ್‌ವರೆಗೂ ಮಳೆ ಎಳೆದ ವರ್ಷ ಎಲ್ಲವೂ ಮುಂದಕ್ಕೆ ಹೋಗುತ್ತದೆ. ಇನ್ನೂ ಒಂದು ವಿಷಯ ಇದೆ. ನಾಗರಹೊಳೆ ಒಂದೇ ಥರದ ಕಾಡಲ್ಲ. ಕುಟ್ಟದ ಕಡೆಯ ಪಶ್ಚಿಮ ಭಾಗದಲ್ಲಿ ಮಳೆ ಜಾಸ್ತಿ, ಅಲ್ಲಿ ನಂದಿ, ಹೊನ್ನೆ, ಬೀಟೆ, ಮತ್ತಿ, ತೇಗ ಎತ್ತರವಾಗಿ ಬೆಳೆಯುತ್ತವೆ. ಪೂರ್ವಕ್ಕೆ, ಹುಣಸೂರು, ಕಬಿನಿಯ ಕಡೆಗೆ ಹೋದಂತೆ ಒಣಗು ಕಾಡು, ದಿಂಡಿಗ ಜಾಸ್ತಿ. ಒಣ ಭಾಗದಲ್ಲಿ ಎಲೆ ಮೊದಲು ಬಣ್ಣಗೆಡುತ್ತದೆ. ಒಂದೇ ದಿನ ಈ ಕಡೆ ಹಸಿರು, ಆ ಕಡೆ ಬೋಳು ಕೊಂಬೆ ಇರಬಹುದು.

ಇನ್ನು ಯಾವ ಮರಕ್ಕೆ ಯಾವ ಬಣ್ಣ? ದಿಂಡಿಗದ ಎಲೆ ಉದುರುವ ಮೊದಲು ತಾಮ್ರದ ಕೆಂಪಾಗುತ್ತದೆ. ಹಿಂದಿನಿಂದ ಸಂಜೆ ಬಿಸಿಲು ಬಿದ್ದರೆ ಇಡೀ ಮರ ಹೊತ್ತಿಕೊಂಡಂತೆ ಕಾಣುತ್ತದೆ. ನಂದಿಯ ಎಲೆಯೂ ಕೆಂಪಡರುತ್ತದೆ, ಅದರ ಜತೆಗೆ ಸಿಪ್ಪೆ ಸುಲಿಯುವ ನುಣುಪಾದ ಬಿಳಿ ಕಾಂಡ. ಎಲೆ ಪೂರ್ತಿ ಹೋದ ಮೇಲೂ ನಂದಿ ಮರ ಚಿತ್ರಕ್ಕೆ ಒದಗುತ್ತದೆ, ಅದೂ ಮಂಜಿನ ಬೆಳಿಗ್ಗೆ. ಮತ್ತಿಗೆ ಮೊಸಳೆ ಚರ್ಮದಂಥ ತೊಗಟೆ. ಮತ್ತಿ ಎಲೆ ಸಿಕ್ಕರೆ ತಿರುಗಿಸಿ ನೋಡಿ, ತೊಟ್ಟಿನ ಹತ್ತಿರ ನಡುನರದ ಮೇಲೆ ಎರಡು ಪುಟ್ಟ ಗಂಟುಗಳಿರುತ್ತವೆ. ಚಿಕ್ಕದನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಇರುವವರಿಗೆ ಅದೇ ಒಂದು ವಿಷಯ. ತೇಗದ್ದು ಬಣ್ಣದ ದೃಷ್ಟಿಯಿಂದ ಬರೀ ಕಂದು. ಬ್ರಿಟಿಷರ ಕಾಲದಿಂದ ನೆಟ್ಟ ತೇಗದ ನೆಡುತೋಪುಗಳು ಅಲ್ಲಿ ಬೇಕಾದಷ್ಟಿವೆ. ಸಾಲು ಸಾಲು ಒಂದೇ ಮರ, ಒಂದೇ ಬಣ್ಣ. ಅಲ್ಲಿ ಇಡೀ ಕಾಡಿನ ಚಿತ್ರ ತೆಗೆಯಲು ಹೊತ್ತು ಕಳೆಯಬೇಡಿ ಅನ್ನುವುದು ನನ್ನ ಸಲಹೆ. ಆದರೆ ಒಂದೊಂದೇ ತೇಗದ ಎಲೆ ನೋಡಿ. ಮಳೆಗಾಲದ ಕೊನೆಯಲ್ಲಿ ಒಂದು ಜಾತಿಯ ಪತಂಗದ ಹುಳು ನರಗಳನ್ನು ಬಿಟ್ಟು ನಡುವಿನ ಹಸಿರನ್ನೆಲ್ಲ ತಿಂದಿರುತ್ತದೆ. ಉಳಿಯುವುದು ಬರೀ ಬಲೆ. ಕೊಂಬೆಯಲ್ಲೇ ತೂಗುವ ಆ ಬಲೆಯ ಮೂಲಕ ಬಿಸಿಲು ಹಾಯುವುದನ್ನು ಉದ್ದ ಲೆನ್ಸ್‌ನಲ್ಲಿ ತೆಗೆದರೆ, ಎಲೆಯ ಒಂದೊಂದು ನರವೂ ಎಣಿಸುವ ಹಾಗೆ ಬರುತ್ತದೆ.

ಇದು ಜನವರಿಯಿಂದ ಫೆಬ್ರವರಿ ನಡುವಿನ ಮಾತು. ಇದಾದ ಮೇಲೆ ಇನ್ನೊಂದು ಸುತ್ತು ಬಣ್ಣ ಬರುತ್ತದೆ. ಬೂರುಗ ಒಂದೂ ಎಲೆ ಇಲ್ಲದೆ ದೊಡ್ಡ ದೊಡ್ಡ ಕೆಂಪು ಹೂ ಬಿಡುತ್ತದೆ. ಫೆಬ್ರವರಿ, ಮಾರ್ಚ್‌ಗೆ ಮುತ್ತುಗದ ಕೇಸರಿ. ಅದೇ ಹೊತ್ತಿಗೆ ಸಾಗಡೆ ಮರ ಚಿಗುರುತ್ತದೆ. ಸಾಗಡೆಯ ಚಿಗುರು ನೋಡದವರು ಅದನ್ನು ದೂರದಿಂದ ಹೂ ಅಂದುಕೊಳ್ಳುತ್ತಾರೆ. ಅಷ್ಟು ಕಡುಕೆಂಪು. ಕೆಲವೇ ವಾರಗಳಲ್ಲಿ ಅದು ತಾಮ್ರವಾಗಿ, ತಿಳಿ ಹಸಿರಾಗಿ, ಆಮೇಲೆ ಮಾಮೂಲಿ ಎಲೆಯಾಗುತ್ತದೆ. ಎಳೆ ಎಲೆ ಯಾಕೆ ಕೆಂಪು ಅಂತ ಒಬ್ಬರು ಕೇಳಿದರು. ಎಳೆಯ ಎಲೆಗೆ ಬಿಸಿಲು ತಡೆಯುವ ಶಕ್ತಿ ಕಮ್ಮಿ, ಹುಳುಗಳಿಗೂ ಅದೇ ಇಷ್ಟ. ಎರಡರಿಂದಲೂ ಕಾಪಾಡಲು ಆ ಕೆಂಪು ಬಣ್ಣ ಸಹಾಯ ಮಾಡುತ್ತದೆ ಅಂತ ವಿಜ್ಞಾನಿಗಳು ವಿವರಿಸುತ್ತಾರೆ. ನಮ್ಮ ಮನೆ ಮುಂದಿನ ಮಾವಿನ ಚಿಗುರಲ್ಲೂ, ಅರಳಿ ಚಿಗುರಲ್ಲೂ ಅದೇ ಬಣ್ಣ ಅಲ್ವಾ?

ಹಾಗಾದರೆ ದಿನ ಗೊತ್ತುಮಾಡುವುದು ಹೇಗೆ? ನಾನು ಹೇಳುವ ದಾರಿ ಸುಲಭದ್ದು. ಗುಂಪಿನಲ್ಲಿ ಒಬ್ಬರು ತಿತಿಮತಿಯವರು, ಒಬ್ಬರು ಶ್ರೀಮಂಗಲದವರು, ಒಬ್ಬರು ಕುಟ್ಟದವರು, ಒಬ್ಬರು ಕುಶಾಲನಗರದವರು ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ಮನೆಯ ಹತ್ತಿರದ ಒಂದು ಮರ ಆರಿಸಿಕೊಳ್ಳಿ. ಬೂರುಗ, ಮತ್ತಿ, ನಂದಿ, ಯಾವುದಾದರೂ ಸರಿ, ಎಲೆ ಉದುರಿಸುವ ಕಾಡು ಮರವಾಗಿರಲಿ. ಡಿಸೆಂಬರ್‌ನಿಂದ ವಾರಕ್ಕೊಂದು ಸಲ ಒಂದೇ ಜಾಗದಲ್ಲಿ ನಿಂತು, ಒಂದೇ ಹೊತ್ತಿಗೆ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ. ಬೇರೇನೂ ಬರೆಯುವುದು ಬೇಡ. ಫೋಟೋಗಳು ಸೇರುತ್ತಾ ಹೋದರೆ ಒಣಗು ಎಲ್ಲಿವರೆಗೆ ಬಂತು ಅನ್ನುವುದು ಕಣ್ಣಿಗೇ ಕಾಣುತ್ತದೆ. ತಿತಿಮತಿಯಿಂದ ಆನೆಚೌಕೂರು ದಾಟಿ ಹುಣಸೂರಿಗೆ ಬಸ್ಸಿನಲ್ಲಿ ಓಡಾಡುವವರು ಇದ್ದರಂತೂ ಕಾಡಿನ ಸುದ್ದಿ ಕೂತಲ್ಲೇ ಸಿಗುತ್ತದೆ. ಕಿಟಕಿಯಿಂದ ನೋಡಿದರೆ ಸಾಕು, ಆ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ.

ಎರಡು ವಾರಾಂತ್ಯಗಳನ್ನು ಮೊದಲೇ ಖಾಲಿ ಇಟ್ಟುಕೊಳ್ಳಿ. ಒಂದು ಜನವರಿ ಕೊನೆಗೆ, ಇನ್ನೊಂದು ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಿಗೆ. ಮರ ಯಾವುದನ್ನು ಹೇಳುತ್ತದೋ ಅದಕ್ಕೆ ಬುಕ್ ಮಾಡಿ. ರೋಬಸ್ಟಾ ಕುಯ್ಲು ಇರುವ ತೋಟದವರಿಗೆ ಎರಡೂ ಕಷ್ಟವೇ, ನನಗೆ ಗೊತ್ತು. ಕಣದಲ್ಲಿ ಕಾಫಿ ಹರವಿಟ್ಟು ಹೊರಡಲು ಮನಸ್ಸು ಬರುವುದಿಲ್ಲ. ಅಂಥವರಿಗೆ ಅರ್ಧ ದಿನದ ಪ್ರವಾಸ ಸಾಕು. ಮಧ್ಯಾಹ್ನ ಹೊರಟು ಸಂಜೆಯ ಸಫಾರಿ ಮುಗಿಸಿ ರಾತ್ರಿ ಮನೆ ಸೇರಬಹುದು.

ಒಂದೇ ಸಲ ಹೋಗಲು ಸಾಧ್ಯ ಅನ್ನುವವರು ಹೂ ಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮೊದಲಿನ ಮಳೆ, ಆದ ಮೇಲೆ ಹೋಗಿ. ಕಾಫಿ ಬೆಳೆಗಾರರಿಗೆ ಹೂ ಮಳೆ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಆ ಮಳೆಗೆ ನಾವು ತೋಟದ ಲೆಕ್ಕದಲ್ಲಿ ಕಾಯುತ್ತೇವೆ. ಫೋಟೋ ತೆಗೆಯುವವರೂ ಕಾಯಬೇಕು. ಫೆಬ್ರವರಿ ಹೊತ್ತಿಗೆ ಕಾಡಿನ ದಾರಿಯ ಎರಡೂ ಬದಿ ಎಲೆಗಳ ಮೇಲೆ ಕೆಂಪು ಧೂಳು ಕೂತಿರುತ್ತದೆ. ದೂರದ ಬೆಟ್ಟ ಹೊಗೆ ಮುಸುಕಿದಂತಿರುತ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಧೂಳು ತೊಳೆದು ಹೋಗುತ್ತದೆ, ಗಾಳಿ ತಿಳಿಯಾಗುತ್ತದೆ, ಕಾಂಡಗಳು ನೆನೆದು ಕಪ್ಪಾಗುತ್ತವೆ. ಕಪ್ಪು ಕಾಂಡದ ಮುಂದೆ ಸಾಗಡೆಯ ಕೆಂಪು ಚಿಗುರು, ಇದಕ್ಕಿಂತ ಏನು ಬೇಕು? ಬೆಂಕಿಯ ಭಯವೂ ಸ್ವಲ್ಪ ಇಳಿದಿರುತ್ತದೆ. ವಾಪಸ್ ಬರುವಾಗ ದಾರಿಯ ತೋಟಗಳಲ್ಲಿ ಕಾಫಿ ಹೂವೂ ಅರಳಿರಬಹುದು, ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಬಿಡುತ್ತದಲ್ಲ.

ಉದ್ಯಾನದ ಬಗ್ಗೆ ಒಂದಿಷ್ಟು. 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಉದ್ಯಾನದ ವಿಸ್ತೀರ್ಣ ಸುಮಾರು 643 ಚದರ ಕಿಲೋಮೀಟರ್, ಕೊಡಗು ಮತ್ತು ಮೈಸೂರು ಎರಡೂ ಜಿಲ್ಲೆಗೆ ಸೇರಿದೆ. ಇಷ್ಟು ದೊಡ್ಡ ಕಾಡಿನಲ್ಲಿ ನಮಗೆ ಕಾಣಸಿಗುವುದು ಸಫಾರಿ ದಾರಿಯ ಎರಡು ಬದಿ ಮಾತ್ರ. ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಕೇಳಬಾರದು. ಆ ಮರಗಳು ಇವತ್ತು ನಿಂತಿರುವುದರ ಹಿಂದೆ ನಮ್ಮ ದಕ್ಷಿಣ ಕೊಡಗಿನವರೇ ಆದ ಕೆ.ಎಂ. ಚಿಣ್ಣಪ್ಪ ಅವರಂಥ ಅರಣ್ಯ ಸಿಬ್ಬಂದಿಯ ದುಡಿಮೆ ಇದೆ. ಕಳ್ಳಬೇಟೆಯವರ, ಮರಗಳ್ಳರ ಎದುರು ನಿಂತು ಅವರು ಈ ಕಾಡು ಉಳಿಸಿದರು. ನಾವು ಕ್ಯಾಮೆರಾ ಹಿಡಿದು ಹೋಗುವುದು ಅವರು ಉಳಿಸಿಟ್ಟ ಜಾಗಕ್ಕೆ.

ನಮಗೆ ಹತ್ತಿರದ ಬಾಗಿಲು ಕುಟ್ಟದ ಕಡೆಯ ನಾಣಚ್ಚಿ ಗೇಟು. ಪೊನ್ನಂಪೇಟೆ, ಶ್ರೀಮಂಗಲ ದಾಟಿ ಕುಟ್ಟ, ಅಲ್ಲಿಂದ ಗೇಟು. ಹುಣಸೂರು ಕಡೆಯವರಿಗೆ ವೀರನಹೊಸಹಳ್ಳಿ, ಕಬಿನಿ ಕಡೆಯವರಿಗೆ ದಮ್ಮನಕಟ್ಟೆ. ಕಾಡಿನೊಳಗಿನ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರುತ್ತದೆ, ವಾಪಸ್ ಬರುವ ದಾರಿಯನ್ನು ಅದಕ್ಕೆ ತಕ್ಕ ಹಾಗೆ ಯೋಚಿಸಿಕೊಳ್ಳಿ. ಗುರುತಿನ ಚೀಟಿ ಎಲ್ಲರ ಬಳಿ ಇರಲಿ. ದೊಡ್ಡ ಲೆನ್ಸ್‌ಗೆ ಬೇರೆ ಶುಲ್ಕ ಇರುತ್ತದೆ, ಬುಕ್ ಮಾಡುವಾಗಲೇ ವಿಚಾರಿಸಿ. ಡ್ರೋನ್ ಮನೆಯಲ್ಲೇ ಬಿಡಿ, ಅನುಮತಿ ಇಲ್ಲದೆ ಹಾರಿಸುವುದು ಅಪರಾಧ.

ಇನ್ನೊಂದು ಮುಖ್ಯ ವಿಷಯ. ಸಫಾರಿ ಇದ್ದೇ ಇರುತ್ತದೆ ಅಂತ ನಂಬಿ ಎಲ್ಲ ಲೆಕ್ಕ ಹಾಕಬೇಡಿ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಯಿಂದ ಜನ ಸತ್ತ ಮೇಲೆ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲು ಸರ್ಕಾರ ಆದೇಶ ಮಾಡಿತ್ತು. ಸಿಬ್ಬಂದಿ ಊರಂಚಿನ ಜನರನ್ನು ಕಾಯಲು ಹೋಗಬೇಕಾದಾಗ ನಮ್ಮ ಫೋಟೋ ಹಿಂದೆ ಸರಿಯಬೇಕು, ಅದರಲ್ಲಿ ಬೇಜಾರು ಪಡುವಂಥದ್ದೇನಿಲ್ಲ. ಬೇಸಿಗೆಯಲ್ಲಿ ಕಾಳ್ಗಿಚ್ಚು ಬಿದ್ದರೂ ಅಷ್ಟೆ. ಹೊರಡುವ ವಾರ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ ಕೇಳಿಯೇ ಹೊರಡಿ.

ಸಫಾರಿ ಇಲ್ಲದಿದ್ದರೆ ಗುಂಪನ್ನು ಚದುರಿಸಬೇಡಿ. ನಮ್ಮ ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಯ ನಿತ್ಯಹರಿದ್ವರ್ಣದ ಮರಗಳು ಎಲೆಯನ್ನು ಒಟ್ಟಿಗೆ ಉದುರಿಸುವುದಿಲ್ಲ ನಿಜ, ಆದರೆ ಬೇಸಿಗೆಯ ಮೊದಲಲ್ಲಿ ಅವು ಚಿಗುರುವುದನ್ನು ನೋಡಬೇಕು. ನಾಗಸಂಪಿಗೆಯ ಎಳೆ ಎಲೆ ತೆಳು ಗುಲಾಬಿಯಿಂದ ಕಡುಕೆಂಪಿನವರೆಗೆ ಇರುತ್ತದೆ, ಕೊಂಬೆಯ ತುದಿಯಲ್ಲಿ ಜೋತು ಬಿದ್ದಿರುತ್ತದೆ. ಹಿಂದೆ ಕಡು ಹಸಿರಿನ ಗೋಡೆ. ಎಷ್ಟೋ ಸಲ ಉದ್ಯಾನದೊಳಗಿಗಿಂತ ಒಳ್ಳೆಯ ಎಲೆಯ ಚಿತ್ರ ಇಲ್ಲಿ ಸಿಗುತ್ತದೆ, ಯಾಕೆಂದರೆ ಕಾಲ ಮೇಲೆ ನಿಂತು, ಟ್ರೈಪಾಡ್ ಇಟ್ಟು, ನಿಧಾನವಾಗಿ ತೆಗೆಯಬಹುದು. ಆದರೆ ಊರಿನ ಮುಖ್ಯಸ್ಥರಾದ ತಕ್ಕರನ್ನು ಕೇಳಿಯೇ ಹೋಗಿ. ಎಲ್ಲಿವರೆಗೆ ಹೋಗಬಹುದು, ಚಪ್ಪಲಿ ಎಲ್ಲಿ ಬಿಡಬೇಕು, ಯಾವ ದಿನ ಹೋಗಬಾರದು ಅಂತ ಅವರು ಹೇಳುತ್ತಾರೆ. ಒಂದು ಎಲೆಯನ್ನೂ ಕೀಳಬೇಡಿ. ತೋಟಗಳಲ್ಲಿ ನೆರಳಿಗೆ ಬೆಳೆಸಿದ ಹಾಲುವಾಣ ಎಲೆ ಕಳೆದು ಕೆಂಪು ಹೂ ಹೊತ್ತು ನಿಂತಿರುತ್ತದೆ, ಅದನ್ನೂ ಮರೆಯಬೇಡಿ.

ಈಗ ಗುಂಪಿನ ವಿಷಯ. ಹುಲಿ ಬೇಕು ಅನ್ನುವವರನ್ನೂ ಎಲೆ ಬೇಕು ಅನ್ನುವವರನ್ನೂ ಒಂದೇ ಜೀಪಿನಲ್ಲಿ ಕೂರಿಸಿದರೆ ಇಬ್ಬರಿಗೂ ಸಮಾಧಾನ ಇರುವುದಿಲ್ಲ. ಒಬ್ಬರು ಬೆಳಕು ಬರಲಿ, ಐದು ನಿಮಿಷ ನಿಲ್ಲಿಸಿ ಅನ್ನುತ್ತಾರೆ. ಅಷ್ಟರಲ್ಲಿ ಎಲ್ಲೋ ಹುಲಿಯ ಸುಳಿವು ಸಿಕ್ಕು ಜಿಂಕೆ ಕೂಗಿದರೆ ಇನ್ನೊಬ್ಬರು ಹೊರಡಿ ಹೊರಡಿ ಅನ್ನುತ್ತಾರೆ. ಇಬ್ಬರದೂ ತಪ್ಪಲ್ಲ. ಮೊದಲೇ ಕೇಳಿ ಬೇರೆ ಬೇರೆ ಗಾಡಿ ಮಾಡಿ. ಮರಕ್ಕಾಗಿ ಹೋಗುವ ಗಾಡಿಯಲ್ಲಿ ಜನ ಕಡಿಮೆ ಇದ್ದಷ್ಟೂ ಒಳ್ಳೆಯದು. ಸೀಟಿಗೊಬ್ಬರು ತುಂಬಿದರೆ ನಡುವೆ ಕೂತವರಿಗೆ ಪಕ್ಕದವರ ಕಿವಿ ಬಿಟ್ಟು ಏನೂ ಕಾಣುವುದಿಲ್ಲ. ಖರ್ಚು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಒಂದು ಸೀಟು ಖಾಲಿ ಬಿಡಿ. ದುಡ್ಡಿನ ಲೆಕ್ಕ ಒಬ್ಬರೇ ನೋಡಿಕೊಳ್ಳಲಿ, ಮುಂಗಡ ಕೊಟ್ಟ ಮೇಲೇ ಹೆಸರು ಬರೆದುಕೊಳ್ಳಲಿ.

ಚಾಲಕರ ಜತೆ ಹೊರಡುವ ಮೊದಲೇ ಮಾತಾಡಿ. ದಿನಾ ಹುಲಿ ತೋರಿಸಿ ಅನ್ನುವವರನ್ನೇ ನೋಡಿ ಅವರಿಗೆ ಅಭ್ಯಾಸ. ಅಣ್ಣಾ, ನಮಗೆ ಹುಲಿ ಸಿಗದಿದ್ದರೂ ಸರಿ, ಒಳ್ಳೆ ಮುತ್ತುಗ ಎಲ್ಲಿದೆ, ಯಾವ ಹಡ್ಲಿನ ಅಂಚಿಗೆ ಸಂಜೆ ಬಿಸಿಲು ಬೀಳುತ್ತದೆ, ಅಲ್ಲಿಗೆ ಕರ್ಕೊಂಡು ಹೋಗಿ ಅಂತ ಕೇಳಿ ನೋಡಿ. ಅವರ ಮುಖವೇ ಬೇರೆ ಆಗುತ್ತದೆ. ಅವರಲ್ಲಿ ಹಲವರು ಕಾಡಂಚಿನ ಊರು, ಆದಿವಾಸಿ ಹಾಡಿಗಳಿಂದ ಬಂದವರು. ಯಾವ ಮರ ಯಾವಾಗ ಚಿಗುರುತ್ತದೆ ಅನ್ನುವುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ದಾರಿಯಲ್ಲಿ ಜೇನುಕುರುಬರ, ಯರವರ ಹಾಡಿಗಳು ಸಿಗುತ್ತವೆ. ಅಲ್ಲಿಯ ಜನರ, ಮಕ್ಕಳ ಫೋಟೋ ಕೇಳದೆ ತೆಗೆಯಬೇಡಿ.

ಹಡ್ಲಿನ ಮಾತು ಬಂತು, ಅಲ್ಲೇ ಸ್ವಲ್ಪ ನಿಲ್ಲೋಣ. ಕಾಡಿನ ನಡುವೆ ತಗ್ಗಿನಲ್ಲಿ ನೀರು ನಿಂತು ಮರ ಬೆಳೆಯದೆ ಹುಲ್ಲು ಬೆಳೆದ ಬಯಲುಗಳು ಈ ಹಡ್ಲುಗಳು. ಸುತ್ತಲ ಕಾಡು ಒಣಗಿದರೂ ಅಲ್ಲಿ ಹಸಿರು ಉಳಿದಿರುತ್ತದೆ. ಎದುರಿಗೆ ಹಸಿರು ಹುಲ್ಲು, ಹಿಂದೆ ತಾಮ್ರ, ಕಂದು, ಹಳದಿ, ನಡುವೆ ನಂದಿಯ ಬಿಳಿ ಕಾಂಡಗಳು. ಒಂದು ಕಾಟಿ (ಕಾಡುಕೋಣ) ಬಂದು ನಿಂತರೆ ಚಿತ್ರಕ್ಕೆ ಅಳತೆ ಸಿಗುತ್ತದೆ, ಬರದಿದ್ದರೂ ಚಿತ್ರ ಪೂರ್ತಿಯೇ. ಹೂ ಬಿಟ್ಟ ಬೂರುಗದ ಕೆಳಗೂ ಕಾಯಿರಿ. ಮೇಲೆ ಮುಸುವಗಳು ಹೂ ತಿನ್ನುತ್ತಾ ಅರ್ಧ ಕಚ್ಚಿ ಬಿಸಾಡುತ್ತವೆ, ಕೆಳಗೆ ಜಿಂಕೆಗಳು ಅದನ್ನು ಆರಿಸಿ ತಿನ್ನುತ್ತವೆ. ಬಾಯಲ್ಲಿ ಕೆಂಪು ಹೂ ಇಟ್ಟುಕೊಂಡ ಜಿಂಕೆ ತಲೆಯೆತ್ತಿ ನೋಡುವ ಕ್ಷಣಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.

ಕ್ಯಾಮೆರಾದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಪೋಲರೈಸರ್ ಫಿಲ್ಟರ್ ಕೊಳ್ಳಿ. ಎಲೆಯ ಮೇಲ್ಮೈ ಬಿಸಿಲಿಗೆ ಹೊಳೆದು ಬೆಳ್ಳಗೆ ಕಾಣುತ್ತದೆ, ಆ ಹೊಳಪು ಬಣ್ಣವನ್ನು ತಿನ್ನುತ್ತದೆ. ಫಿಲ್ಟರನ್ನು ಮೆಲ್ಲಗೆ ತಿರುಗಿಸಿದರೆ ಹೊಳಪು ಹೋಗಿ ನಿಜವಾದ ಬಣ್ಣ ಎದ್ದು ಬರುತ್ತದೆ. ಬಿಸಿಲು ನಿಮ್ಮ ಪಕ್ಕದಿಂದ ಬರುತ್ತಿದ್ದರೆ ಪರಿಣಾಮ ಜಾಸ್ತಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ತಾಮ್ರದ ಬಣ್ಣವನ್ನೇ ದೋಷ ಅಂದುಕೊಂಡು ತಣ್ಣಗೆ ಮಾಡಿಬಿಡುತ್ತದೆ. ಡೇಲೈಟ್‌ಗೆ ಇಡಿ, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲ್ ತೆಗೆಯಿರಿ. ಮುತ್ತುಗ, ಸಾಗಡೆಯಂಥ ಗಾಢ ಬಣ್ಣಕ್ಕೆ ಎಕ್ಸ್‌ಪೋಷರ್ (ಒಳಬಿಡುವ ಬೆಳಕು) ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಕೆಂಪು ತುಂಬಿಹೋಗಿ ಎಸಳಿನ ವಿವರ ಹೋಗುತ್ತದೆ. ಮಂಜಿನಲ್ಲಿ ಅದೇ ಉಲ್ಟಾ, ಸ್ವಲ್ಪ ಏರಿಸಬೇಕು. ಜೀಪಿನಲ್ಲಿ ಟ್ರೈಪಾಡ್ ಇಡಲು ಜಾಗ ಇಲ್ಲ. ದಪ್ಪ ಬಟ್ಟೆಯ ಚೀಲಕ್ಕೆ ಒಂದೆರಡು ಕಿಲೋ ಅಕ್ಕಿ ತುಂಬಿ ಬಾಯಿ ಹೊಲಿದು ಕಂಬಿಯ ಮೇಲಿಟ್ಟು ಅದರ ಮೇಲೆ ಲೆನ್ಸ್ ಇಡಿ. ಎಂಜಿನ್ ಆಫ್ ಮಾಡಲು ಹೇಳಿ, ಇಲ್ಲದಿದ್ದರೆ ನಡುಕ ಚಿತ್ರದಲ್ಲಿ ಬರುತ್ತದೆ.

ಮೊಬೈಲ್ ಮಾತ್ರ ಇರುವವರು ಬರಬಹುದಾ ಅಂತ ಒಬ್ಬ ಹುಡುಗಿ ಕೇಳಿದಳು. ದೇವರಕಾಡು, ತೋಟಗಳಿಗೆ ಖಂಡಿತ ಬರಬಹುದಮ್ಮ. ಸಫಾರಿಯಲ್ಲಿ ಮೊಬೈಲ್ ಬಳಸಲು ಬಿಡುತ್ತಾರಾ ಅಂತ ಮೊದಲೇ ವಿಚಾರಿಸು. ಹುಲಿಗೆ ಮೊಬೈಲ್ ಸಾಲದು, ಮರಕ್ಕೆ ಸಾಕು. ಜೂಮ್ ಮಾಡಬೇಡ, ಇಡೀ ದಾರಿ, ಇಡೀ ಮರ, ಮೇಲಿನ ಆಕಾಶ ತೆಗಿ. ಆಕಾಶ ಬೆಳ್ಳಗಿದ್ದರೆ ಅದನ್ನು ಚೌಕಟ್ಟಿನಿಂದ ಬಿಡು.

ಹಾಕಿಕೊಳ್ಳುವ ಬಟ್ಟೆ ಮಣ್ಣಿನ ಬಣ್ಣದ್ದಾಗಿರಲಿ, ಬೆಳಿಗ್ಗೆಗೆ ಸ್ವೆಟರ್ ಬೇಕು. ಮಳೆಗಾಲದಲ್ಲಿ ಜಿಗಣೆ ಹೇಗೋ ಬೇಸಿಗೆಯಲ್ಲಿ ಉಣ್ಣಿ ಹಾಗೆ. ದೇವರಕಾಡಿಗೆ, ತೋಟಕ್ಕೆ ಇಳಿದವರು ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ, ಮೈ ನೋಡಿಕೊಂಡು ಬಿಸಿನೀರಿನಲ್ಲಿ ಸ್ನಾನ ಮಾಡಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ.

ಬೆಂಕಿಯ ಬಗ್ಗೆ ಮಾತ್ರ ನಾನು ಖಡಾಖಂಡಿತ. ಬೀಡಿ, ಸಿಗರೇಟು ಸೇದುವವರು ಆ ದಿನ ಗುಂಪಿನಲ್ಲಿ ಬರುವುದು ಬೇಡ, ಅಥವಾ ಪೆಟ್ಟಿಗೆ ಮನೆಯಲ್ಲಿಟ್ಟು ಬನ್ನಿ. ನಾವು ಫೋಟೋ ತೆಗೆಯಲು ಹೋಗುವುದೇ ಉದುರಿದ ಎಲೆಯ ಕಾಲಕ್ಕೆ. ನೆಲದ ತುಂಬ ಮೊಣಕಾಲಿನವರೆಗೂ ಒಣ ಎಲೆ, ಒಣ ಹುಲ್ಲು, ಲಂಟಾನ ಪೊದೆ. ಒಂದು ಕಿಡಿ ಸಾಕು. ರಸ್ತೆ ಬದಿಯಲ್ಲಿ ಸುಟ್ಟು ಕಪ್ಪಾದ ಪಟ್ಟಿ ಕಂಡರೆ ಗಾಬರಿ ಬೇಡ, ಬೆಂಕಿ ದಾಟದಿರಲಿ ಅಂತ ಸಿಬ್ಬಂದಿಯೇ ಮೊದಲು ಸುಟ್ಟಿಟ್ಟ ಬೆಂಕಿ ರೇಖೆ ಅದು. ಬಿಸಿಲಲ್ಲಿ ಅದನ್ನು ಕಾಯುತ್ತಾ ನಿಂತ ಫೈರ್ ವಾಚರ್‌ಗಳು ಸಿಕ್ಕರೆ ಕುಡಿಯಲು ನೀರು ಬೇಕಾ ಅಂತ ಚಾಲಕರ ಮೂಲಕ ಕೇಳಿಸಿ.

ಹೋಗಿ ಬಂದ ಮೇಲೆ ಎರಡು ವಾರದೊಳಗೆ ಒಂದು ಸಂಜೆ ಸೇರೋಣ. ಒಬ್ಬೊಬ್ಬರು ಐದೇ ಚಿತ್ರ ತನ್ನಿ. ಪ್ರತಿ ಚಿತ್ರಕ್ಕೂ ಮರದ ಹೆಸರು, ತಾರೀಖು ಬರೆದಿರಬೇಕು. ಹೆಸರು ಗೊತ್ತಾಗದ ಮರವಿದ್ದರೆ ತೊಗಟೆಯದೊಂದು, ಎಲೆಯದೊಂದು ಫೋಟೋ ಜತೆಗಿರಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಮರ ಬಲ್ಲವರಿದ್ದಾರೆ, ಕೇಳೋಣ. ತಮ್ಮ ಮನೆ ಹತ್ತಿರ ಯಾವ ಮರವನ್ನು ಗಮನಿಸುತ್ತೀರಿ ಅಂತ ಇವತ್ತು ಹೋಗುವ ಮೊದಲು ಬಾಗಿಲ ಹತ್ತಿರದ ಪುಸ್ತಕದಲ್ಲಿ ಬರೆದು ಹೋಗಿ. ಡಿಸೆಂಬರ್ ಮೊದಲ ಭಾನುವಾರದಿಂದ ಫೋಟೋ ಹಾಕಲು ಶುರು ಮಾಡೋಣ.